ತೋಟದ ಹಳೆಯ ಜೀಪಿಗೆ ಯಾವ ಟಯರ್? ಮೂರು ಮಳೆಗಾಲದ ಹೋಲಿಕೆ

ಹಳ್ಳದ ಬದಿಯ ಗದ್ದೆಯಿಂದ ನಮ್ಮ ಗೋದಾಮಿಗೆ ಬರುವ ಏರು ಸುಮಾರು ನೂರು ಮೀಟರ್. ನಡುವೆ ಒಂದು ತಿರುವಿದೆ, ಆ ತಿರುವಿನಲ್ಲಿ ಒರತೆ ನೀರು. ಆರಿದ್ರಾ ಮಳೆ ಹಿಡಿದ ಮೇಲೆ ಮೇಲ್ಮಣ್ಣು ಬೆಣ್ಣೆಯಂತಾಗುತ್ತದೆ. ಕೆಳಗೆ ಒಂದು ಗೇಣು ಆಳದಲ್ಲಿ ಅಜ್ಜನ ಕಾಲದಲ್ಲಿ ಹಾಸಿದ ಕಲ್ಲು ಗಟ್ಟಿಯಾಗಿಯೇ ಇದೆ. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಇಂತಹ ಏರು ಇಲ್ಲದ ಮನೆಯೇ ಇಲ್ಲ. ನಾನು ಮೂರು ಮಳೆಗಾಲ ಬೇರೆ ಬೇರೆ ಟಯರ್ ಹಾಕಿ ನೋಡಿದ್ದು ಇದೇ ಏರಿನಲ್ಲಿ. ಪ್ರತಿ ಸಲವೂ ಹಿಂದೆ ಎಂಟು ಚೀಲ ಯೂರಿಯಾ, ಅಂದರೆ 360 ಕಿಲೋ ಹೊರೆ.

ಜೀಪು 1974ರ ಮಹೀಂದ್ರ ಸಿಜೆ-3ಬಿ. ತಂದೆಯವರು ಬೇರೊಬ್ಬರಿಂದ ಕೊಂಡದ್ದು. ಅದರ ಎಫ್-ಹೆಡ್ ಎಂಬ ಬಗೆಯ ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟೂ ಎತ್ತರ. ಪವರ್ ಸ್ಟಿಯರಿಂಗ್ ಇಲ್ಲ, ನಾಲ್ಕೂ ಕಡೆ ಡ್ರಮ್ ಬ್ರೇಕ್. ಈ ಗಾಡಿಗೆ ತಯಾರಕರು ಕೊಟ್ಟ ಟಯರ್ ಅಳತೆ 6.00-16, ಅಂದರೆ ಅಗಲ ಆರು ಇಂಚು, ರಿಮ್ 16 ಇಂಚು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದೂ ಅದೇ ಅಳತೆ. ಕಿರಿದಾದ, ಎತ್ತರದ ಚಕ್ರ. ನೋಡಲು ಬಡಕಲಾಗಿ ಕಾಣುತ್ತದೆ ಎಂದು ಅನೇಕರು ಜೀಪು ಕೈಗೆ ಬಂದ ಮರುದಿನವೇ ಅದನ್ನು ಬದಲಾಯಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ.

ಮೊದಲ ಮಳೆಗಾಲದಲ್ಲಿ ಹಾಕಿದ್ದು 235/75 ಆರ್15 ಅಳತೆಯ, ಎಲ್ಲ ಬಗೆಯ ದಾರಿಗೆಂದು ಮಾಡಿದ ಆಲ್-ಟೆರೇನ್ ರೇಡಿಯಲ್, ಎಂದರೆ ಎ.ಟಿ. ಇದಕ್ಕೆ 15 ಇಂಚಿನ ರಿಮ್ ಬೇಕು. ಟಯರಿನ ಒಟ್ಟು ಎತ್ತರ ಸುಮಾರು 28.9 ಇಂಚು, ಹಳೆಯದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದ ಗೇರಿನ ಲೆಕ್ಕ ಕೆಡುವುದಿಲ್ಲ. ಡಾಂಬರಿನ ಮೇಲೆ ಇದು ಬೇರೆಯೇ ಗಾಡಿ ಎನಿಸಿತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯಲ್ಲಿ ಜಡಿಮಳೆಗೆ ಇಳಿಯುವಾಗ ಹಳೆಯ ಟಯರಿನಲ್ಲಿ ಬ್ರೇಕಿಗೆ ಕಾಲಿಡಲು ಹೆದರುತ್ತಿದ್ದವನು, ಇದರಲ್ಲಿ ನೆಮ್ಮದಿಯಿಂದ ಉಜಿರೆ ಮುಟ್ಟಿದೆ. ಸ್ಟಿಯರಿಂಗ್ ನೇರ ನಿಲ್ಲುತ್ತದೆ, ಸದ್ದು ಕಡಿಮೆ, ಒದ್ದೆ ರಸ್ತೆಯಲ್ಲಿ ಹಿಡಿತ ನಂಬುವಂತಹದು.

ಏರಿನಲ್ಲಿ ಮಾತ್ರ ಸೋತಿತು. ಜೂನ್ ಕೊನೆಯವರೆಗೂ ಹೇಗೋ ಹತ್ತಿದ ಜೀಪು, ಪುನರ್ವಸು ಮಳೆಯಲ್ಲಿ ತಿರುವಿನ ಹತ್ತಿರ ನಿಂತೇಬಿಟ್ಟಿತು. ಇಳಿದು ನೋಡಿದರೆ ಟಯರಿನ ಹಲ್ಲುಗಳ ನಡುವಿನ ಸಂದುಗಳೆಲ್ಲ ಕೆಂಪು ಜೇಡಿಯಿಂದ ತುಂಬಿಹೋಗಿದ್ದವು. ಬೆರಳು ಹಾಕಿ ಕೆರೆದರೆ ಹಿಟ್ಟಿನ ಮುದ್ದೆಯಂತೆ ಕಿತ್ತು ಬರುತ್ತಿತ್ತು. ಹಲ್ಲಿದ್ದ ಟಯರ್ ನುಣ್ಣಗಾಗಿ ಕುಂಬಾರನ ತಿಗರಿಯಂತೆ ಇದ್ದಲ್ಲೇ ಸುತ್ತುತ್ತಿತ್ತು. ಎ.ಟಿ.ಯ ಸಂದುಗಳು ಕಿರಿದು, ರಸ್ತೆಯ ಸದ್ದು ತಗ್ಗಿಸಲೆಂದೇ ಹಾಗೆ ಮಾಡಿರುತ್ತಾರೆ. ಜೇಡಿ ಮಣ್ಣು ಒಮ್ಮೆ ಹೊಕ್ಕರೆ ಅಲ್ಲಿಂದ ಹೊರಗೆ ಚಿಮ್ಮುವುದಿಲ್ಲ. ಗಾಳಿಯ ಒತ್ತಡವನ್ನು 18 ಪಿಎಸ್‌ಐಗೆ ಇಳಿಸಿದಾಗ ಸ್ವಲ್ಪ ದೂರ ಮುಂದೆ ಹೋಯಿತು, ಅಷ್ಟೇ. ಹಿಂದಿನ ಎರಡು ಚಕ್ರಕ್ಕೆ, ಹಿಡಿತಕ್ಕೆಂದು ಟಯರಿನ ಮೇಲೆ ಸುತ್ತುವ ಚೈನ್ ಕಟ್ಟಿದ ಮೇಲೆ ಹತ್ತಿತು. ಆದರೆ ಮಳೆಯಲ್ಲಿ ನೆನೆಯುತ್ತ ದಿನಕ್ಕೆ ಎರಡು ಬಾರಿ ಚೈನ್ ಕಟ್ಟಿ ಬಿಚ್ಚುವುದು ಎಷ್ಟು ದಿನ ಸಾಧ್ಯ?

ಎ.ಟಿ.ಯ ಇನ್ನೊಂದು ಕೊರತೆ ಪಕ್ಕದ ಗೋಡೆಯದು. ಕಾಫಿ ಗಿಡ ಕಡಿದ ಕಡೆ ಕೊಟ್ಟೆಗಳು, ಅಂದರೆ ಉಳಿದ ಬುಡದ ಮೊನೆಗಳು, ಈಟಿಯಂತೆ ನಿಂತಿರುತ್ತವೆ. ರೇಡಿಯಲ್ ಟಯರಿನ ಬಲವೆಲ್ಲ ನೆಲ ಮುಟ್ಟುವ ಭಾಗದಲ್ಲಿ, ಪಕ್ಕದ ಗೋಡೆ ತೆಳು. ಒಂದು ಕೊಟ್ಟೆ ತಗುಲಿ ನಾಲ್ಕು ಬೆರಳು ಉದ್ದ ಸೀಳಿತು. ನೆಲ ಮುಟ್ಟುವ ಭಾಗದ ಪಂಕ್ಚರ್ ಹಾಕಬಹುದು, ಪಕ್ಕದ ಸೀಳಿಗೆ ನಂಬಿ ಓಡಿಸುವಂತಹ ಮದ್ದಿಲ್ಲ. ಹೊಸ ಟಯರ್ ಹೋಯಿತು.

ಆ ದಿನ ಇನ್ನೊಂದು ತಪ್ಪು ಮಾಡಿದೆ. ಮನೆಯಲ್ಲಿದ್ದ 215/75 ಆರ್15 ಅಳತೆಯ ಚಕ್ರವನ್ನೇ ಸ್ಟೆಪ್ನಿಯೆಂದು ಮುಂದಕ್ಕೆ ಹಾಕಿದೆ. ಅದರ ಎತ್ತರ 27.7 ಇಂಚು, ಉಳಿದವಕ್ಕಿಂತ ಒಂದು ಇಂಚಿಗೂ ಮಿಕ್ಕಿ ಗಿಡ್ಡ. ಈ ಜೀಪಿನಲ್ಲಿ ಫೋರ್ ವೀಲ್ ಹಾಕಿದರೆ ಚಕ್ರಗಳಿಗೆ ಬಲ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಚಕ್ರದ ಎತ್ತರ ಬೇರೆಯಾದರೆ ವ್ಯತ್ಯಾಸವೆಲ್ಲ ಗೇರುಗಳ ನಡುವೆ ಸೆಳೆತವಾಗಿ ಕೂಡುತ್ತದೆ. ಗಟ್ಟಿ ನೆಲಕ್ಕೆ ಬಂದು ಫೋರ್ ವೀಲ್ ಬಿಡಿಸಲು ಲಿವರ್ ಎಳೆದರೆ ಅಲುಗಲೇ ಇಲ್ಲ. ಹತ್ತಡಿ ರಿವರ್ಸ್ ಹೋದ ಮೇಲೆ ಕಳಚಿಕೊಂಡಿತು. ಯಾವ ಜಾತಿಯ ಟಯರ್ ಕೊಂಡರೂ ಐದನ್ನೂ ಒಂದೇ ಅಳತೆಯಲ್ಲಿ ಕೊಳ್ಳಿ, ನಾಲ್ಕರ ಸವೆತವೂ ಹೆಚ್ಚು ಕಡಿಮೆ ಒಂದೇ ಇರಲಿ.

ಅಗಲವಾದದ್ದನ್ನೂ ನೋಡಿಬಿಡೋಣ ಎಂದು ಭಾವನ ಜೀಪಿನಿಂದ ಎರಡು ವಾರಕ್ಕೆ 31x10.5 ಆರ್15 ಅಳತೆಯ, ಅಂದರೆ 31 ಇಂಚು ಎತ್ತರ, 10.5 ಇಂಚು ಅಗಲದ, ಕೆಸರಿಗೆಂದೇ ಮಾಡಿದ ಮಡ್-ಟೆರೇನ್ ತಂದೆ. ದಪ್ಪ ಹಲ್ಲು, ಅಗಲ ಸಂದು, ಮಣ್ಣನ್ನು ಚೆನ್ನಾಗಿ ಚಿಮ್ಮಿಸುತ್ತದೆ. ಗದ್ದೆಯ ಹುದುಲಿನಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ತಳವೇ ಸಿಗದ ಕೆಸರಿನಲ್ಲಿ ಮೇಲೆಯೇ ತೇಲಿದಂತೆ ದಾಟಿತು, ಅದನ್ನು ಒಪ್ಪಲೇಬೇಕು. ಆದರೆ ನಮ್ಮ ಏರಿನಲ್ಲಿ ಆ ತೇಲುವ ಗುಣವೇ ಮುಳುವಾಯಿತು. ಕೆಳಗಿನ ಕಲ್ಲನ್ನು ಮುಟ್ಟದೆ ಬೆಣ್ಣೆಯಂತಹ ಮೇಲ್ಮಣ್ಣಿನ ಮೇಲೆ ಅಡ್ಡಡ್ಡ ಜಾರಿ ಕಣಿವೆಯ ಅಂಚಿಗೆ ಹೋದಾಗ ಎದೆ ಧಸಕ್ಕೆಂದಿತು. ಜೊತೆಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟಯರ್ ಸ್ಪ್ರಿಂಗ್ ಪ್ಲೇಟಿಗೆ ಉಜ್ಜುತ್ತದೆ. ನಿಂತಲ್ಲಿ ತಿರುಗಿಸಲು ಎರಡೂ ತೋಳಿನ ಬಲ ಸಾಲದು. ಎತ್ತರ ಹೆಚ್ಚಾದ್ದರಿಂದ ಗೇರ್ ಸುಮಾರು ಶೇ 8ರಷ್ಟು ಭಾರವಾಗುತ್ತದೆ, ಅಂದರೆ ಎಳೆತ ಅಷ್ಟು ಕುಗ್ಗುತ್ತದೆ. ಐವತ್ತು ವರ್ಷದ ಬೇರಿಂಗು, ಕಿಂಗ್‌ಪಿನ್ನುಗಳ ಮೇಲೆ ಈ ಹೊರೆ ಹೇರಲು ನನಗೆ ಮನಸ್ಸಾಗಲಿಲ್ಲ.

ಅಂಗಡಿಯಲ್ಲಿ ನಿಮಗೆ ಇನ್ನೊಂದು ಸಲಹೆ ಸಿಗಬಹುದು. 6.00-16 ಎಂದರೆ ಟ್ರ್ಯಾಕ್ಟರಿನ ಮುಂದಿನ ಚಕ್ರದ ಅಳತೆಯೂ ಹೌದು, ಅಗ್ಗವಾಗಿಯೂ ಸಿಗುತ್ತದೆ. ದಯವಿಟ್ಟು ಕೊಳ್ಳಬೇಡಿ. ಅದರ ಮೈಮೇಲೆ ಇರುವುದು ಉದ್ದುದ್ದ ಗೆರೆಗಳು. ದಿಕ್ಕು ತಿರುಗಿಸಲು ಮಾಡಿದ್ದೇ ಹೊರತು ಎಳೆಯಲು ಅಲ್ಲ. ಪಕ್ಕದಲ್ಲಿ ಎ6 ಅಥವಾ ಎ8 ಎಂದು ಬರೆದಿದ್ದರೆ ಗಂಟೆಗೆ 30 ಅಥವಾ 40 ಕಿಲೋಮೀಟರ್ ಮಾತ್ರ ಎಂದು ಅರ್ಥ.

ಎರಡನೇ ಮಳೆಗಾಲಕ್ಕೆ ಮರಳಿ 6.00-16ಕ್ಕೇ ಬಂದೆ. ಟ್ಯೂಬ್ ಹಾಕುವ, ನೈಲಾನ್ ಕಟ್ಟಿನ, ಸೇನೆಯ ಜೀಪುಗಳಲ್ಲಿ ಕಾಣುವಂತಹ ದಪ್ಪ ಅಡ್ಡ ಹಲ್ಲಿನ ಟಯರ್. ಅದೇ ಏರು, ಅದೇ ಎಂಟು ಚೀಲ, ಅದೇ ಪುನರ್ವಸು ಮಳೆ. ಫೋರ್ ವೀಲ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರ್ ಹಾಕಿ ಎರಡನೇ ಗೇರಿನಲ್ಲಿ ಬಿಟ್ಟೆ. ತಿರುವಿನಲ್ಲಿ ಚಕ್ರ ಒಂದು ಗೇಣು ಇಳಿಯಿತು. ಇಳಿದು ಕೆಳಗಿನ ಕಲ್ಲನ್ನು ಮುಟ್ಟಿದ್ದು ಸೀಟಿನಲ್ಲಿ ಕುಳಿತವನಿಗೆ ಗೊತ್ತಾಗುತ್ತದೆ, ಸಣ್ಣಗೆ ಕಡಕಡ ಎಂಬ ನಡುಕ ಸ್ಟಿಯರಿಂಗಿಗೆ ಬರುತ್ತದೆ. ಅಲ್ಲಿಂದ ಮೇಲಕ್ಕೆ ಹಲ್ಲು ಕಚ್ಚಿಕೊಂಡು ಹತ್ತಿತು. ಕಿರಿದಾದ ಚಕ್ರ ಕೆಸರನ್ನು ಸೀಳಿಕೊಂಡು ಹೋಗುತ್ತದೆ. ಅಗಲವಾದದ್ದು ಅಷ್ಟೂ ಕೆಸರನ್ನು ಮುಂದಕ್ಕೆ ತಳ್ಳಿಕೊಂಡು ಹೋಗಬೇಕು. ಕೆಳಗೆ ಗಟ್ಟಿ ನೆಲವಿರುವ ಕಡೆ ಈ ವ್ಯತ್ಯಾಸವೇ ದೊಡ್ಡದು.

ಅಡ್ಡ ಹಲ್ಲಿನದ್ದರಲ್ಲಿ ನಾನು ಹೆಚ್ಚು ಮೆಚ್ಚಿದ್ದು ರಿವರ್ಸ್ ಹಿಡಿತ. ಬಾಣದ ಮೊನೆಯಂತಹ ಹಲ್ಲಿನ ಟಯರ್ ಮುಂದಕ್ಕೆ ಹೋಗುವಾಗ ಕಚ್ಚುವಷ್ಟು ಹಿಂದಕ್ಕೆ ಕಚ್ಚುವುದಿಲ್ಲ. ಯುದ್ಧಕಾಲದ ಜೀಪಿಗೆ ದಿಕ್ಕಿಲ್ಲದ ಹಲ್ಲು ಕೊಟ್ಟದ್ದು ಈ ಕಾರಣಕ್ಕೇ. ತೋಟದ ದಾರಿಯಲ್ಲಿ ಮರ ಬಿದ್ದು ಅರ್ಧ ಫರ್ಲಾಂಗು ಹಿಂದಕ್ಕೇ ಬರಬೇಕಾದ ದಿನ ಇದರ ಬೆಲೆ ತಿಳಿಯುತ್ತದೆ. ಪಕ್ಕದ ಗೋಡೆ ದಪ್ಪ, ಕಾಫಿ ಕೊಟ್ಟೆಗೆ ಇನ್ನೂ ಸೀಳಿಲ್ಲ. ಚೈನ್ ಕಟ್ಟಲು ಜಾಗ ಬೇಕಾದಷ್ಟಿದೆ. ಹೊರೆ ಹೊತ್ತು ಏರುವಾಗ ಹಿಂದಕ್ಕೆ, ಖಾಲಿ ಗಾಡಿ ಇಳಿಸುವಾಗ ಮುಂದಕ್ಕೆ ಕಟ್ಟುತ್ತೇನೆ. ಇಳಿಜಾರಿನಲ್ಲಿ ಎಳೆತಕ್ಕಿಂತ ದಿಕ್ಕು ಮುಖ್ಯ.

ದೋಷಗಳೂ ಇವೆ, ಮುಚ್ಚಿಡುವುದಿಲ್ಲ. ರಾತ್ರಿ ನಿಂತ ಟಯರ್ ನೆಲಕ್ಕೆ ತಗುಲಿದ ಕಡೆ ಚಪ್ಪಟೆಯಾಗಿ, ಬೆಳಿಗ್ಗೆ ಮೊದಲ ಎರಡು ಮೂರು ಕಿಲೋಮೀಟರ್ ದಡದಡ ಎನ್ನುತ್ತದೆ. ನೈಲಾನ್ ಕಟ್ಟಿನ ಗುಣವೇ ಅದು, ಬಿಸಿಯಾದ ಮೇಲೆ ಸರಿಹೋಗುತ್ತದೆ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಾಕಿದರೆ ಜಾರುತ್ತದೆ. ಘಾಟಿ ಇಳಿಯುವ ಗಾಡಿಗೆ ಇದನ್ನು ನಾನು ಹೇಳುವುದಿಲ್ಲ. ಗಾಳಿಯನ್ನು ತೀರ ಇಳಿಸುವ ಹಾಗೂ ಇಲ್ಲ. ಒಮ್ಮೆ ಎ.ಟಿ.ಯ ಅಭ್ಯಾಸದಲ್ಲೇ 15 ಪಿಎಸ್‌ಐಗೆ ಇಳಿಸಿದೆ. ರಿಮ್ಮಿನ ಮೇಲೆ ಟಯರ್ ಜಾರಿ, ಟ್ಯೂಬನ್ನೂ ಎಳೆದುಕೊಂಡು ವಾಲ್ವ್ ಬುಡದಲ್ಲೇ ಹರಿಯಿತು. ಈಗ 24ಕ್ಕಿಂತ ಕೆಳಗೆ ಇಳಿಸುವುದಿಲ್ಲ.

ಈ ಅಳತೆ ಎಲ್ಲ ಅಂಗಡಿಗಳಲ್ಲೂ ದಿನವೂ ಬಿಕರಿಯಾಗುವುದಿಲ್ಲ, ಹಳೆಯ ದಾಸ್ತಾನು ಕೈಗೆ ಬರಬಹುದು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ. ಹಲ್ಲು ಹೊಸದಾಗಿದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಒದ್ದೆ ಕಲ್ಲಿನ ಮೇಲೆ ಹಿಡಿತವಿರುವುದಿಲ್ಲ.

ಮೂರನೇ ವರ್ಷದಿಂದ ಟಯರಿನ ಎರಡು ಪೂರ್ತಿ ಸೆಟ್ ಇಟ್ಟುಕೊಂಡಿದ್ದೇನೆ. ಜೂನ್ ಮೊದಲ ವಾರದಿಂದ ಅಕ್ಟೋಬರ್‌ವರೆಗೆ ಅಡ್ಡ ಹಲ್ಲಿನ 6.00-16, ಕೊಯ್ಲು ಶುರುವಾಗುವ ಹೊತ್ತಿಗೆ ಎ.ಟಿ. ಎರಡಕ್ಕೂ ರಿಮ್ ಬೇರೆ ಬೇರೆ ಇರುವುದರಿಂದ ಬದಲಾಯಿಸಲು ಒಂದು ಗಂಟೆ ಸಾಕು. ಒಂದೇ ಸೆಟ್ ಕೊಳ್ಳುವ ಶಕ್ತಿಯಿದ್ದು, ಜೀಪು ತೋಟ ಬಿಟ್ಟು ಹೊರಗೆ ಹೋಗುವುದು ಅಪರೂಪವಾಗಿದ್ದರೆ ಅಡ್ಡ ಹಲ್ಲಿನದನ್ನೇ ಕೊಳ್ಳಿ. ವಾರಕ್ಕೆ ಎರಡು ಸಲ ಪೇಟೆಗೆ, ಮಕ್ಕಳನ್ನು ಕೂರಿಸಿಕೊಂಡು ಹೋಗುವುದಿದ್ದರೆ ಎ.ಟಿ. ಮತ್ತು ಒಂದು ಒಳ್ಳೆಯ ಜೊತೆ ಚೈನ್.

ಚಕ್ರ ಬಿಚ್ಚುವ ಮುನ್ನ ಒಂದು ಮಾತು. ಆ ಕಾಲದ ಕೆಲವು ಜೀಪುಗಳಲ್ಲಿ ಎಡಗಡೆಯ ಚಕ್ರದ ಐದು ನಟ್ಟುಗಳಿಗೆ ಉಲ್ಟಾ ಮರೆ ಇರುತ್ತದೆ, ಅಂದರೆ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತವೆ. ನಮ್ಮದರಲ್ಲೂ ಹಾಗೆಯೇ. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ ತುಕ್ಕು ಹಿಡಿದಿದೆಯೆಂದು ತಿಳಿದು ಸ್ಪಾನರಿಗೆ ಪೈಪ್ ಸಿಕ್ಕಿಸಿ ಬಲವಾಗಿ ಒತ್ತಿದ. ಸ್ಟಡ್ಡು ಬುಡದಲ್ಲೇ ತುಂಡಾಯಿತು. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇದೆಯೇ ಎಂದು ಒರೆಸಿ ನೋಡಿಕೊಳ್ಳಿ, ಇದ್ದರೆ ಉಲ್ಟಾ ಮರೆ.