ಟ್ರೀ ಇಲ್ಲದ ಜೀನು: ನನ್ನ ತೂಕಕ್ಕೆ ಒಗ್ಗಲಿಲ್ಲ

ದೂರದ ಓಟದ ಕುದುರೆ ಸವಾರಿಗೆ ಒಂದು ಸೀಸನ್ ಪೂರ್ತಿ ಟ್ರೀ ಇಲ್ಲದ ಜೀನು ಬಳಸಿದೆ. ಟ್ರೀ ಅಂದರೆ ಜೀನಿನ ಒಳಗಿರುವ ಗಟ್ಟಿ ಚೌಕಟ್ಟು. ಕಂಪನಿ ಹೆಸರು ಬೇಡ ಬಿಡಿ, ನನ್ನ ತಕರಾರು ಈ ಬಗೆಯ ಜೀನಿಗೂ ನನ್ನ ತೂಕಕ್ಕೂ ಇರುವ ಜಗಳದ್ದು.

ನಾನು 84 ಕೆಜಿ. ಕುದುರೆ ಅರಬ್ಬಿ, 430 ಕೆಜಿ. ಹಳೇ ಚರ್ಮದ ಜೀನು 9 ಕೆಜಿ ತೂಗುತ್ತಿತ್ತು, ಹೊಸದು ಬರೀ 4. ನೀರು, ಚೀಲ ಅಂತ ಇನ್ನೊಂದು 3 ಕೆಜಿ ಸೇರಿಸಿ. ಕುದುರೆ ತೂಕದ ಶೇಕಡಾ 20 ದಾಟಬಾರದು ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಲೆಕ್ಕದಲ್ಲಿ ನಾನು 22ರಿಂದ 21ಕ್ಕೆ ಇಳಿದೆ, ಅಷ್ಟೇ! ಆ 20 ಕೂಡ ಕಲ್ಲಿನ ಮೇಲೆ ಕೊರೆದ ಗೆರೆಯೇನಲ್ಲ. ಅಮೆರಿಕದ ಟೆವಿಸ್ ಕಪ್‌ನ 160 ಕಿಮೀ ಓಟದ ಕುದುರೆಗಳನ್ನು 1990ರ ದಶಕದಲ್ಲಿ ಅಳೆದು ನೋಡಿದಾಗ, ಓಟ ಮುಗಿಸುವುದಕ್ಕೆ ಸವಾರನ ತೂಕಕ್ಕಿಂತ ಕುದುರೆಯ ಮೈತುಂಬುವಿಕೆಯೇ ಮುಖ್ಯ ಅಂತ ಕಂಡಿತ್ತು. ಬಡಕಲು ಕುದುರೆಗಳೇ ಜಾಸ್ತಿ ಅರ್ಧಕ್ಕೆ ನಿಂತಿದ್ದವು.

ಮೊದಲ 25 ಕಿಮೀ ಸ್ವರ್ಗ. ಸೀಟು ಮೆತ್ತಗೆ, ಕುದುರೆಯ ಭುಜ ಸಲೀಸಾಗಿ ಆಡುತ್ತಿತ್ತು. 60 ದಾಟಿದ ಮೇಲೆ ಜೀನು ಬಿಚ್ಚಿದೆ ನೋಡಿ, ಬೆನ್ನೆಲ್ಲ ಬೆವರಿನಿಂದ ಒದ್ದೆ, ಆದರೆ ರಿಕಾಪಿನ (ಕಾಲಿಡುವ ಬಳೆಯ) ಪಟ್ಟಿ ನೇತಾಡುವ ಜಾಗದ ಕೆಳಗೆ ಎರಡೂ ಬದಿ ಅಂಗೈಯಷ್ಟು ಒಣ ಮಚ್ಚೆ, ಅಂದರೆ ಒತ್ತಡ ಜಾಸ್ತಿಯಾಗಿ ಅಲ್ಲಿ ಬೆವರೇ ಬಂದಿಲ್ಲ. ಎದೆಬಡಿತ ನಿಮಿಷಕ್ಕೆ 64ರ ಒಳಗೇ ಇತ್ತು, ಅದಕ್ಕೇನೂ ತೊಂದರೆಯಿಲ್ಲ. ಪಶುವೈದ್ಯರು ಬೆನ್ನುದ್ದಕ್ಕೂ ಬೆರಳಲ್ಲಿ ಒತ್ತುತ್ತಾ ಬಂದರು, ಆ ಜಾಗಕ್ಕೆ ಬಂದಾಗ ಕುದುರೆ ಬೆನ್ನು ಕೆಳಗೆ ಜಗ್ಗಿತು. ನನಗೆ ನಾಚಿಕೆಯಾಯಿತು.

ಕಾರಣ ಸರಳ. ಟ್ರೀ ಇದ್ದರೆ ಬೆನ್ನುಮೂಳೆಯ ಎರಡೂ ಬದಿಯ ಮಾಂಸದ ಮೇಲೆ ಭಾರ ಹಲಗೆಯ ಹಾಗೆ ಹರಡುತ್ತದೆ. ಟ್ರೀ ಇಲ್ಲದಿದ್ದರೆ ನಾನು ಎಲ್ಲಿ ಊರುತ್ತೇನೋ ಅಲ್ಲೇ ಭಾರ. ಟ್ರಾಟ್‌ನಲ್ಲಿ, ಅಂದರೆ ಕುದುರೆಯ ಕುಲುಕು ಓಟದಲ್ಲಿ, ಪ್ರತಿ ಸಲ ಎದ್ದಾಗ ನನ್ನ ಮೈಭಾರವೆಲ್ಲ ರಿಕಾಪಿನ ಮೇಲೆ, ಅಲ್ಲಿಂದ ಆ ಎರಡು ಪಟ್ಟಿಯ ಮೂಲಕ ಸೀದಾ ಬೆನ್ನಿಗೆ. ದಪ್ಪ ಫೋಮ್ ಪ್ಯಾಡ್ ಹಾಕಿ ನೋಡಿದೆ. ಚಿಕ್ಕ ಸವಾರಿಗೆ ಪರವಾಗಿಲ್ಲ, 80 ಕಿಮೀಗೆ ಸಾಲಲಿಲ್ಲ. ಕೆಲವು ತಿಂಗಳ ನಂತರ ಆ ಜಾಗದಲ್ಲಿ ಒತ್ತಡದ ಪೆಟ್ಟಿನ ಗುರುತಾಗಿ ಬಿಳಿ ಕೂದಲು ಹುಟ್ಟಿತು.

ಈಗ ಮತ್ತೆ ಟ್ರೀ ಇರುವ ಜೀನೇ. 6 ಕೆಜಿ, ಅಗಲ ಪ್ಯಾನಲ್ (ಬೆನ್ನಿಗೆ ತಾಗುವ ಅಡಿಯ ಮೆತ್ತೆ), ಒಳಗೆ ಉಣ್ಣೆ ತುಂಬಿದ್ದು. ನನ್ನಂಥ ದಪ್ಪನೆಯವರಿಗೆ ಇನ್ನೊಂದು ತಲೆನೋವು ಏನೆಂದರೆ, ಸೀಟು ಚಿಕ್ಕದಾದರೆ ಹಿಂದಿನ ಅಂಚಿನ ಮೇಲೆ ಕೂತುಬಿಡುತ್ತೇವೆ, ದೊಡ್ಡ ಸೀಟು ತಗೊಂಡರೆ ಜೀನು ಉದ್ದವಾಗಿ ಕೊನೆಯ ಪಕ್ಕೆಲುಬು ದಾಟಿ ಸೊಂಟದ ಮೇಲೆ ಹೋಗುತ್ತದೆ, ಅರಬ್ಬಿಗಳ ಬೆನ್ನು ಮೊದಲೇ ಗಿಡ್ಡ ಅಲ್ವಾ. ಹಾಗಾಗಿ ಪಕ್ಕೆಲುಬನ್ನು ಬೆರಳಲ್ಲಿ ಹುಡುಕಿ, ಚಾಕ್‌ಪೀಸ್‌ನಿಂದ ಗುರುತು ಹಾಕಿ, ಆಮೇಲೆ ಜೀನು ಇಟ್ಟು ನೋಡಿದೆ. ಸೀಸನ್ ನಡುವೆ ಕುದುರೆ ತೂಕ ಇಳಿದು ಬೆನ್ನಿನ ಆಕಾರ ಬದಲಾಯಿತು, ಉಣ್ಣೆ ಮತ್ತೆ ಸರಿ ಮಾಡಿಸಬೇಕಾಯಿತು.

ಟ್ರೀ ಇಲ್ಲದ ಆ ಜೀನನ್ನು 55 ಕೆಜಿಯ ಗೆಳತಿಗೆ ಮಾರಿದೆ. ಅವಳ ದುಂಡು ಬೆನ್ನಿನ ಕುದುರೆಯ ಮೇಲೆ ಬೆವರಿನ ಗುರುತು ಎಲ್ಲ ಕಡೆ ಸಮ. ಜೀನಿನ ವೆಲ್ಕ್ರೋಗೆ ಕೂದಲು ಮೆತ್ತಿಕೊಳ್ಳುವ ಕಾಟ ಮಾತ್ರ ಅವಳಿಗೂ ತಪ್ಪಿಲ್ಲ.