ಅವೆನ್ಯೂ ರಸ್ತೆಯ ಹಳೇ ಪುಸ್ತಕ: ಸಬ್ಜೆಕ್ಟ್ ಕೋಡ್ ಇಲ್ಲದೆ ಹೋಗಬೇಡಿ

ಸೆಮಿಸ್ಟರ್ ಶುರುವಾದ ದಿನವೇ ಬೆಂಗಳೂರಿನ ಅವೆನ್ಯೂ ರಸ್ತೆಗೆ ಓಡಿದರೆ ತಪ್ಪು ಪುಸ್ತಕ ಹೊತ್ತು ಬರುವ ಸಾಧ್ಯತೆಯೇ ಹೆಚ್ಚು. ಇದರಲ್ಲಿ ಅಂಗಡಿಯವರ ಮೋಸವೇನೂ ಇಲ್ಲ. "ಅಣ್ಣಾ, ಥರ್ಡ್ ಸೆಮ್ ಡೇಟಾ ಸ್ಟ್ರಕ್ಚರ್ಸ್ ಕೊಡಿ" ಅಂದರೆ ರಾಶಿಯಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ಅಷ್ಟೇ. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಈ ವಿಷಯದ ಕೋಡ್ 2018ರ ಸ್ಕೀಮಿಗೆ, ಅಂದರೆ ಆ ವರ್ಷದ ಪಠ್ಯಕ್ರಮಕ್ಕೆ, 18ಸಿಎಸ್32, 2021ಕ್ಕೆ 21ಸಿಎಸ್32, 2022ಕ್ಕೆ ಬಿಸಿಎಸ್304. ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್ ಎಲ್ಲದರಲ್ಲೂ ಇವೆ. ಆದರೆ ಬಿಸಿಎಸ್304ರ ಐದನೇ ಮಾಡ್ಯೂಲಿನಲ್ಲಿ, ಅಂದರೆ ಸಿಲಬಸ್ಸಿನ ಐದನೇ ಭಾಗದಲ್ಲಿ, ಇರುವ ಲೆಫ್ಟಿಸ್ಟ್ ಟ್ರೀ ಎಂಬ ಪಾಠವನ್ನು 18ರ ಗೈಡಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಪರೀಕ್ಷೆಯಲ್ಲಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಬರೆಯಬೇಕಾದ್ದು ಒಂದು. ಹಳೇ ಗೈಡ್ ನಂಬಿದರೆ ಆ ಮಾಡ್ಯೂಲಿನಲ್ಲಿ ಆಯ್ಕೆಯೇ ಕೈತಪ್ಪಬಹುದು.

ಹಾಗಾಗಿ ಮೊದಲ ಮೂರ್ನಾಲ್ಕು ದಿನ ಕ್ಲಾಸಿನಲ್ಲೇ ಕೂತಿರಿ. ಮೇಷ್ಟ್ರು ಕೋಡ್ ಇರುವ ಸಿಲಬಸ್ ಪ್ರತಿ ಕೊಟ್ಟು, ಯಾವ ಲೇಖಕರ ಪುಸ್ತಕದಿಂದ ಪಾಠ ಮಾಡುತ್ತೇನೆ ಅಂತ ಹೇಳಲಿ. ಅದರ ಫೋಟೋ ಮೊಬೈಲಿನಲ್ಲಿಟ್ಟುಕೊಂಡು, ವಾರದ ಮಧ್ಯೆ ಬೆಳಗ್ಗೆ ಹೋಗಿ. ಗಾಡಿ ಬೇಡವೇ ಬೇಡ, ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತೆ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಬಂದು ನಡೆದರೆ ಸಾಕು. ರೈಸ್ ಮೆಮೋರಿಯಲ್ ಚರ್ಚಿನ ಆಸುಪಾಸು ಪುಸ್ತಕದ ರಾಶಿಗಳು ಕಣ್ಣಿಗೆ ಬೀಳುತ್ತವೆ.

ಈ ಅಂಗಡಿಸಾಲಿನಲ್ಲಿ ನಿಜವಾಗಿ ಲಾಭವಾಗುವುದು ಸ್ಕೀಮ್ ಬದಲಾದರೂ ಬದಲಾಗದ ಪುಸ್ತಕಗಳಲ್ಲಿ: ಇಂಜಿನಿಯರಿಂಗ್ ಗಣಿತದ ದಪ್ಪ ಸಂಪುಟ, ನೆಟ್‌ವರ್ಕ್ ಅನಾಲಿಸಿಸ್, ಥರ್ಮೋಡೈನಮಿಕ್ಸ್. ಒಂದು ಆವೃತ್ತಿ ಹಿಂದಿನದಾದರೂ ಚಿಂತೆಯಿಲ್ಲ. ಲೆಕ್ಕಗಳ ಕ್ರಮಸಂಖ್ಯೆ ಮಾತ್ರ ಆಚೀಚೆ ಆಗಿರುತ್ತೆ, ಅಸೈನ್‌ಮೆಂಟ್ ಕೊಟ್ಟಾಗ ಗೆಳೆಯರ ಪುಸ್ತಕದ ಜೊತೆ ತಾಳೆ ನೋಡಿಕೊಳ್ಳಿ.

ದುಡ್ಡು ಕೊಡುವ ಮುಂಚೆ ಪುಸ್ತಕವನ್ನು ಅಲ್ಲೇ ತಿರುವಿ ಹಾಕಿ. ದಪ್ಪ ಪುಸ್ತಕವನ್ನು ಸಾಮಾನ್ಯವಾಗಿ ಹದಿನಾರು ಪುಟದ ಫಾರ್ಮುಗಳನ್ನು (ಮಡಿಸಿದ ಹಾಳೆಯ ಕಟ್ಟುಗಳನ್ನು) ಜೋಡಿಸಿ ಬೈಂಡ್ ಮಾಡಿರುತ್ತಾರೆ. ಒಂದು ಕಳಚಿದರೆ ಹದಿನಾರೂ ಪುಟ ಒಟ್ಟಿಗೇ ಹೋಗುತ್ತವೆ, ಬೆನ್ನು ನೋಡಿದರೆ ಏನೂ ಗೊತ್ತಾಗಲ್ಲ. ಪುಟಸಂಖ್ಯೆಯ ಮೂಲೆ ಹಿಡಿದು ಹೆಬ್ಬೆರಳಿನಲ್ಲಿ ಸರಸರ ಬಿಡಿ, 192 ಆದಮೇಲೆ 209 ಬಂತೆಂದರೆ ವಾಪಸ್ ಇಡಿ. ಕೊನೆಯಲ್ಲಿ ಉತ್ತರಗಳ ಪುಟ ಇದೆಯಾ ನೋಡಿ, ಹೆಚ್ಚಾಗಿ ಹರಿದುಹೋಗುವುದು ಅದೇ. ಮಳೆಗಾಲದಲ್ಲಿ ಟಾರ್ಪಾಲಿನ ಕೆಳಗೆ ನೆನೆದ ಪುಸ್ತಕ ಒಣಗಿದರೂ ಅಂಚು ಅಲೆಅಲೆಯಾಗಿ, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಅದು ವರ್ಷವಿಡೀ ಬಾಳಲ್ಲ. ಅಕ್ಷರ ಮಸುಕಾಗಿ, ಗ್ರಾಫಿನ ಗೆರೆಗಳು ಕೂಡಿಕೊಂಡಿದ್ದರೆ ಅದು ಕದ್ದು ಅಚ್ಚುಹಾಕಿದ ಪ್ರತಿ. ಕಾನೂನಿನ ಮಾತು ಹಾಗಿರಲಿ, ಘಾತಸಂಖ್ಯೆ ಎರಡೋ ಮೂರೋ ತಿಳಿಯದ ಗಣಿತದ ಪುಸ್ತಕ ಯಾರಿಗೆ ಬೇಕು?

ಮೆಕ್ಯಾನಿಕಲ್‌ನವರಿಗೆ ಇನ್ನೊಂದು ಮಾತು. ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಪರೀಕ್ಷಾ ಕೊಠಡಿಗೆ ಒಯ್ಯುವ ಪುಸ್ತಕ. ಹಿಂದಿನವರು ಅಂಚಿನಲ್ಲಿ ಸೂತ್ರ, ಲೆಕ್ಕ ಗೀಚಿದ್ದರೆ ಒಳಗೆ ಬಿಡದಿರಬಹುದು. ಪೆನ್ಸಿಲ್ ಗುರುತಾದರೆ ಅಳಿಸಬಹುದು, ಪೆನ್ನಿನದಾದರೆ ಹೊಸದೇ ಲೇಸು.

ಬಿ.ಕಾಂ., ಬಿ.ಎ.ಯವರು ಹಳೇ ಪುಸ್ತಕದ ಆಸೆಯನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೇದು. ರಾಜ್ಯದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಡಿಗ್ರಿಯಾಗಿ ಪಠ್ಯಕ್ರಮವೂ ಬದಲಾಯಿತು. ರಾಶಿಯಲ್ಲಿ ಎನ್‌ಇಪಿ ಅಂತ ಮುಖಪುಟದ ಮೇಲಿರುವುದು ಅಗ್ಗಕ್ಕೆ ಸಿಗುತ್ತೆ ಅಂತ ಎತ್ತಿಕೊಳ್ಳಬೇಡಿ. ಆದಾಯ ತೆರಿಗೆಯ ಪುಸ್ತಕವಂತೂ ಬಜೆಟ್ಟಿನಿಂದ ಬಜೆಟ್ಟಿಗೆ ಹಳತಾಗುತ್ತೆ, ಅದನ್ನು ಯಾವತ್ತೂ ಹೊಸದೇ ಕೊಳ್ಳಬೇಕು.

ಬೆಲೆಯ ಮಾತನ್ನು ಅಚ್ಚಾದ ಬೆಲೆಯ ಅರ್ಧಕ್ಕಿಂತ ಕೆಳಗಿಂದ ಶುರುಮಾಡಿ. ಬಿಡಿಬಿಡಿಯಾಗಿ ಕೇಳದೆ ಮೂರ್ನಾಲ್ಕು ಪುಸ್ತಕ ಒಂದೇ ಅಂಗಡಿಯಲ್ಲಿ ಗುಡ್ಡೆ ಹಾಕಿಕೊಂಡು "ಒಟ್ಟು ಎಷ್ಟಾಗುತ್ತೆ ಅಣ್ಣಾ?" ಅಂದರೆ ಬೆಲೆ ಬೇಗ ಇಳಿಯುತ್ತೆ. ಸೆಮಿಸ್ಟರ್ ಮುಗಿದಮೇಲೆ ವಾಪಸ್ ತಗೋತೀರಾ, ಎಷ್ಟಕ್ಕೆ ಅಂತಲೂ ಆಗಲೇ ಕೇಳಿ, ಒಪ್ಪಿದರೆ ಮೊದಲ ಪುಟದಲ್ಲಿ ಅವರ ಕೈಲೇ ಅಂಗಡಿ ಹೆಸರು, ಮೊತ್ತ ಬರೆಸಿಕೊಳ್ಳಿ. ನಿಮ್ಮ ಹೆಸರನ್ನು ಪೆನ್ಸಿಲಿನಲ್ಲೇ ಬರೆಯಿರಿ.