ಮೈತುಂಬ ಹೂ ಬಿಟ್ಟ ಗಿಡ ಕೊಳ್ಳುವ ಮೊದಲು ಬುಡ ನೋಡಿ, ಬೇರು ನೋಡಿ

ನರ್ಸರಿಗೆ ಹೋದರೆ ಹೂವನ್ನು ಕೊನೆಗೆ ನೋಡಿ. ಮೊದಲು ಬುಡ, ಆಮೇಲೆ ಬೇರು, ಆಮೇಲೆ ಎಲೆಯ ಅಡಿಭಾಗ. ನಮ್ಮ ಕಾಂಪೌಂಡ್ ಗೋಡೆಯ ಪಕ್ಕಕ್ಕೆ ಅಂತ ಒಂದೇ ನರ್ಸರಿಯಿಂದ ಗುಲಾಬಿ, ದಾಸವಾಳ, ಕೇಪಳ ತರಿಸಿದೆವು. ಬಂದ ದಿನ ಎಲ್ಲವೂ ಹೂವಿನಿಂದ ತುಂಬಿದ್ದವು. ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕರ್ಧ ಸತ್ತವು. ಉಳಿದವೂ ನಾವು ದುಡ್ಡು ಕೊಟ್ಟು ತಂದ ಗಿಡಗಳ ಹಾಗೆ ಉಳಿಯಲಿಲ್ಲ. ಏನೇ ಕೇಳಿದರೂ ಮಾರಿದವರದು ಒಂದೇ ಉತ್ತರ: ‘ನೀರು ಜಾಸ್ತಿ ಆಗಿರುತ್ತೆ ಮೇಡಂ.’ ನೀರಿನ ತಪ್ಪಲ್ಲ ಅಂತ ಗಿಡ ಕಿತ್ತು ನೋಡಿದಾಗ ಗೊತ್ತಾಯಿತು. ಇನ್ನೊಬ್ಬರು ಹೀಗೆ ದುಡ್ಡು ಕಳೆದುಕೊಳ್ಳುವುದು ಬೇಡ ಅಂತ ಬರೆಯುತ್ತಿದ್ದೇನೆ.

ಗುಲಾಬಿಯಿಂದ ಶುರು ಮಾಡುತ್ತೇನೆ. ತಂದಾಗ ಅಂಗೈ ಅಗಲದ ಕಡುಗೆಂಪು ಹೂಗಳಿದ್ದವು. ಅವು ಉದುರಿದ ಮೇಲೆ ಮೇಲಿನ ಕೊಂಬೆಗಳು ಹಾಗೇ ನಿಂತುಬಿಟ್ಟವು. ಬುಡದಿಂದ ಮಾತ್ರ ಚಿಗುರು ಸರಸರ ಏಳತೊಡಗಿತು. ಉದ್ದುದ್ದ ಬಳುಕುವ ಕಡ್ಡಿಗಳು, ತಿಳಿ ಹಸಿರು ಎಲೆಗಳು. ಗಿಡ ಚೇತರಿಸಿಕೊಂಡಿತು ಅಂತಲೇ ಮನೆಯವರೆಲ್ಲ ಖುಷಿಪಟ್ಟರು. ಕೆಲವು ತಿಂಗಳ ಮೇಲೆ ಆ ಕಡ್ಡಿಗಳಲ್ಲಿ ಗೊಂಚಲು ಗೊಂಚಲಾಗಿ ಪುಟ್ಟ ಬಿಳಿ ಹೂ ಬಂತು, ಒಂದೊಂದಕ್ಕೂ ಐದೇ ಎಸಳು. ಕೆಂಪು ಗುಲಾಬಿ ಅಷ್ಟರಲ್ಲಿ ಒಣಗಿ ಕಡ್ಡಿಯಾಗಿತ್ತು.

ಫೋನ್ ಮಾಡಿ ಕೇಳಿದರೆ ‘ಮಣ್ಣು ಬದಲಾದ್ರೆ ಬಣ್ಣ ಬದಲಾಗುತ್ತೆ’ ಅಂದರು. ಈ ಮಾತನ್ನು ನಂಬಬೇಡಿ. ಮಣ್ಣಿನಿಂದ ಬಣ್ಣ ಬದಲಾಗುವ ಗಿಡ ಇಲ್ಲವೆಂದಲ್ಲ. ದೊಡ್ಡೆಲೆಯ ಹೈಡ್ರೇಂಜಿಯಾದಲ್ಲಿ ಹಾಗಾಗುತ್ತದೆ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಬೇರಿಗೆ ಸಿಗುವುದರಿಂದ ನೀಲಿ, ಸುಣ್ಣದ ಅಂಶ ಜಾಸ್ತಿ ಇದ್ದರೆ ಗುಲಾಬಿ ಬಣ್ಣ. (ಬಿಳಿ ಹೂವಿನ ತಳಿಗಳು ಹೀಗೆ ನೀಲಿಯಾಗುವುದಿಲ್ಲ.) ಆದರೆ ಕೆಂಪು ಗುಲಾಬಿ ಯಾವ ಮಣ್ಣಿಗೂ ಪುಟ್ಟ ಬಿಳಿ ಗೊಂಚಲಾಗುವುದಿಲ್ಲ. ನಮ್ಮಲ್ಲಿ ಆಗಿದ್ದೇ ಬೇರೆ. ದೊಡ್ಡ ಹೂವಿನ ಗುಲಾಬಿಗಳನ್ನು ಸಾಮಾನ್ಯವಾಗಿ ಗಟ್ಟಿ ಬೇರಿನ ಇನ್ನೊಂದು ಗುಲಾಬಿಗೆ ಕಸಿ ಕಟ್ಟಿರುತ್ತಾರೆ. ಕೆಳಗಿನದು ಬೇರುಗಿಡ, ಮೇಲಿನದು ನಮಗೆ ಬೇಕಾದ ತಳಿ. ಮಲ್ಟಿಫ್ಲೋರಾ ಅನ್ನುವ ಕಾಡು ಗುಲಾಬಿ ಇಂಥ ಬೇರುಗಿಡಗಳಲ್ಲಿ ಒಂದು, ಅದರ ಹೂವೇ ಈ ಬಿಳಿ ಗೊಂಚಲು. ಮೇಲಿನ ಕಸಿ ಸೊರಗಿದರೆ ಕೆಳಗಿನದು ತನ್ನ ಪಾಡಿಗೆ ಚಿಗುರಿ ಗಿಡವನ್ನೇ ನುಂಗಿಬಿಡುತ್ತದೆ.

ಕಸಿ ಯಾಕೆ ಸೊರಗಿತು? ಮಣ್ಣು ಕೆದಕಿದಾಗ ಕಸಿಯ ಗಂಟು ನಾಲ್ಕು ಬೆರಳು ಆಳದಲ್ಲಿ ಸಿಕ್ಕಿತು. ಗಿಡ ನಮಗೆ ಬರುವಾಗಲೇ ಕುಂಡದಲ್ಲಿ ಅಷ್ಟು ಆಳಕ್ಕೆ ಹೂತಿತ್ತು. ಗಂಟಿನ ಸುತ್ತ ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಹಾಗೇ ಇತ್ತು. ಕಾಂಡ ದಪ್ಪವಾಗುತ್ತಾ ಹೋಗಿದೆ, ಪಟ್ಟಿ ತೊಗಟೆಯೊಳಗೆ ಕಚ್ಚಿಕೊಂಡು ಕೂತಿದೆ. ಉಗುರು ಹಾಕಿ ಎಬ್ಬಿಸಿದರೆ ಕೆಳಗೆ ಕಂದು ಬಣ್ಣದ ಒಂದು ಗೀರು, ಕಾಂಡದ ಸುತ್ತಲೂ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕವೇ ಕೆಳಗಿಳಿಯಬೇಕು. ಆ ದಾರಿಯೇ ಬಿಗಿದುಹೋಗಿತ್ತು. ಕಸಿ ಕೂಡಿಕೊಂಡ ಮೇಲೆ ಪಟ್ಟಿ ಬಿಚ್ಚುವುದು ಒಂದು ನಿಮಿಷದ ಕೆಲಸ, ಅದನ್ನೂ ಮಾಡಿರಲಿಲ್ಲ. ಅದಕ್ಕಿಂತ ಕೆಳಗೆ ಇನ್ನೊಂದು ಬೆರಗು: ಇಡೀ ಬೇರು ಜಿಗುಟು ಮಣ್ಣಿನ ಗಟ್ಟಿ ಉಂಡೆಯೊಳಗಿತ್ತು. ಹೊಲದಿಂದ ಕಿತ್ತ ಗಿಡಕ್ಕೆ ಸಾಗಿಸಲು ಸುಲಭವಾಗಲಿ ಅಂತ ಹೀಗೆ ಉಂಡೆ ಕಟ್ಟಿ, ಕುಂಡದಲ್ಲಿಟ್ಟು, ಮೇಲೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿಬಿಡುತ್ತಾರೆ. ಸುತ್ತಲಿನ ಕೋಕೋಪೀಟ್ ಒದ್ದೆ, ಒಳಗಿನ ಉಂಡೆ ಇಟ್ಟಿಗೆಯ ಹಾಗೆ ಒಣಗಿತ್ತು. ನೀರು ಜಾಸ್ತಿಯಾಯಿತಂತೆ!

ಹಾಗಾಗಿ ಗುಲಾಬಿ ಕೊಳ್ಳುವಾಗ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ. ಕಸಿಯ ಗಂಟು ಕಣ್ಣಿಗೆ ಕಾಣಬೇಕು. ನೆಲ ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಗಂಟನ್ನು ಬೇಕೆಂದೇ ಒಂದಿಷ್ಟು ಹೂಳುತ್ತಾರೆ. ಬೆಚ್ಚಗಿನ ಜಾಗದಲ್ಲಿ ಅದು ಮಣ್ಣಿನ ಮೇಲೆಯೇ ಇರಲಿ. ಗಂಟಿನ ಮೇಲಿನಿಂದ ಹೊಸ ಚಿಗುರು ಬಂದಿದೆಯಾ ನೋಡಿ. ಕೆಳಗಿನಿಂದ ಬಂದ ಚಿಗುರನ್ನು ಕತ್ತರಿಯಿಂದ ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಇನ್ನಷ್ಟು ಬರುತ್ತವೆ. ಮಣ್ಣು ಸರಿಸಿ, ಅದು ಹುಟ್ಟಿದ ಜಾಗದಿಂದಲೇ ಎಳೆದು ಕೀಳಬೇಕು. ಒಂದು ತೊಟ್ಟಿನಲ್ಲಿ ಐದು ಎಲೆಯಿದ್ದರೆ ಒಳ್ಳೆಯದು, ಏಳಿದ್ದರೆ ಕಾಡು ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದು ಎಲ್ಲ ತಳಿಗೂ ಹೊಂದುವುದಿಲ್ಲ. ಚಿಗುರು ಎಲ್ಲಿಂದ ಹುಟ್ಟಿದೆ ಅನ್ನುವುದೇ ಸರಿಯಾದ ಗುರುತು.

ದಾಸವಾಳದ ಮೋಸ ಇಷ್ಟು ಕೆಟ್ಟದ್ದಲ್ಲ, ಆದರೆ ಕಿರಿಕಿರಿ ಜಾಸ್ತಿ. ‘ಕುಳ್ಳ ತಳಿ, ಮೊಣಕಾಲೆತ್ತರ ದಾಟಲ್ಲ, ಕಿಟಕಿ ಕೆಳಗೆ ಹಾಕಿ’ ಅಂದಿದ್ದರು. ಗೇಣುದ್ದದ ಗಿಡದಲ್ಲಿ ಮೊಗ್ಗೋ ಮೊಗ್ಗು. ನೆಟ್ಟ ಕೆಲವು ತಿಂಗಳು ಅದು ಕದಲಲೇ ಇಲ್ಲ. ಆಮೇಲೆ ಒಮ್ಮೆಲೇ ಎದ್ದು ನಿಂತು ಕಿಟಕಿ ಮುಚ್ಚಿತು. ಕೆಳಗಿನ ಕೊಂಬೆಗಳಲ್ಲಿ ಗಿಣ್ಣುಗಳು ಒಂದಕ್ಕೊಂದು ಅಂಟಿಕೊಂಡಂತಿವೆ, ಅದರ ಮೇಲಿನ ಹೊಸ ಕೊಂಬೆಯಲ್ಲಿ ಗಿಣ್ಣಿನಿಂದ ಗಿಣ್ಣಿಗೆ ಎರಡು ಬೆರಳು ಅಂತರ. ಒಂದೇ ಗಿಡದಲ್ಲಿ ಎರಡು ಗಿಡ ಇದ್ದ ಹಾಗೆ.

ಇದು ಬೆಳವಣಿಗೆ ತಡೆಯುವ ಮದ್ದಿನ ಕೆಲಸ. ಪ್ಯಾಕ್ಲೋಬ್ಯುಟ್ರಜಾಲ್ ಅಂತ ಒಂದಿದೆ, ಕುಂಡದ ಹೂಗಿಡ ಬೆಳೆಸುವವರು ಬಳಸುತ್ತಾರೆ. ಗಿಡವನ್ನು ಉದ್ದಕ್ಕೆ ಎಳೆಯುವ ಗಿಬ್ಬರೆಲಿನ್ ಅನ್ನುವ ಹಾರ್ಮೋನು ತಯಾರಾಗದಂತೆ ಅದು ತಡೆಯುತ್ತದೆ. ಗಿಡ ಕುಳ್ಳಗೆ, ಎಲೆ ದಟ್ಟ ಹಸಿರಾಗಿ, ಅಚ್ಚುಕಟ್ಟಾಗಿ ಕಾಣುತ್ತದೆ. ಮದ್ದಿನ ಪ್ರಭಾವ ಇಳಿದ ಮೇಲೆ ತಳಿಯ ನಿಜವಾದ ಎತ್ತರ ಹೊರಬರುತ್ತದೆ. ಬಳಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹೇಳದೆ ‘ಕುಳ್ಳ ತಳಿ’ ಅಂತ ಮಾರುವುದು ತಪ್ಪು. ತಳಿಯ ಹೆಸರು ಕೇಳಿ, ನೆಲದಲ್ಲಿ ನೆಟ್ಟು ಬೆಳೆದ ತಾಯಿಗಿಡ ಇದ್ದರೆ ತೋರಿಸಿ ಅನ್ನಿ. ಹೆಸರು ಗೊತ್ತಿಲ್ಲ, ತಾಯಿಗಿಡವೂ ಇಲ್ಲ, ಎಲ್ಲ ಕುಂಡಗಳೂ ಅಳತೆ ಹಿಡಿದಂತೆ ಒಂದೇ ಎತ್ತರ ಅಂದರೆ ಎತ್ತರದ ಮಾತನ್ನು ನಂಬಬೇಡಿ. ಅಂದಹಾಗೆ, ಜಾಗ ಬದಲಾದಾಗ ದಾಸವಾಳ ಮೊಗ್ಗು ಉದುರಿಸುವುದು ಸಹಜ. ಅದಕ್ಕೆ ಯಾರನ್ನೂ ಬೈಯಬೇಡಿ.

ಅದೇ ದಾಸವಾಳದ ಜೊತೆ ಹಿಟ್ಟು ತಿಗಣೆಯೂ ಪುಕ್ಕಟೆಯಾಗಿ ಬಂದಿತ್ತು. ಎಲೆತೊಟ್ಟಿನ ಸಂದಿಯಲ್ಲಿ, ಕುಂಡದ ಅಂಚಿನ ಒಳಮಗ್ಗುಲಲ್ಲಿ ಹತ್ತಿಯ ಚೂರಿನಂತೆ ಅಡಗಿರುತ್ತದೆ. ಕೊಂಬೆಯ ಮೇಲೆ ಇರುವೆ ಸಾಲುಗಟ್ಟಿ ಓಡಾಡುತ್ತಿದ್ದರೆ ಅನುಮಾನ ಪಡಿ. ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಬದಲಿಗೆ ತಿಗಣೆಯನ್ನು ಕಾಯುತ್ತದೆ. ಹೊಸ ಗಿಡವನ್ನು ಎರಡು ಮೂರು ವಾರವಾದರೂ ಹಳೆಯ ಗಿಡಗಳಿಂದ ದೂರ ಇಡಿ. ಸ್ವಲ್ಪವೇ ಇದ್ದರೆ ಜೋರು ನೀರು, ಸಾಬೂನು ನೀರು ಸಾಕು. ಹೂ ಬಿಡುವ ಗಿಡಕ್ಕೆ ಕಂಡ ಕಂಡ ವಿಷ ಹೊಡೆದರೆ ತಿಗಣೆಗಿಂತ ಮೊದಲು ಹೋಗುವುದು ಜೇನುಹುಳ.

ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಕೇಪಳದ ವಿಷಯ. ಗೋಡೆಯ ಪಕ್ಕ ನೆಡುವುದು ಅಂತ ಮೊದಲೇ ಹೇಳಿ ಕೇಳಿಯೇ ತಂದಿದ್ದೆವು. ‘ಧಾರಾಳವಾಗಿ ನೆಡಿ’ ಅಂದರು. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟು ಗೋಡೆ, ತಳಪಾಯದ ಪಕ್ಕದ ಮಣ್ಣಿಗೆ ಸುಣ್ಣದ ಅಂಶ ಇಳಿದು ರಸಸಾರ (ಹುಳಿ-ಕ್ಷಾರ ಅಳೆಯುವ pH) 7 ದಾಟಿಬಿಡುತ್ತದೆ, ಅಂದರೆ ಹುಳಿ ಹೋಗಿಬಿಡುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದ್ದರೂ ಕರಗದೆ ಬೇರಿಗೆ ಸಿಗುವುದಿಲ್ಲ. ತುದಿಯ ಹೊಸ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ. ಫೋಟೋ ಕಳಿಸಿದರೆ ಎಪ್ಸಮ್ ಉಪ್ಪು ಮಾರಿದರು. ಅದರಲ್ಲಿರುವುದು ಮೆಗ್ನೀಸಿಯಂ. ಅದರ ಕೊರತೆ ಮೊದಲು ಕಾಣುವುದು ಕೆಳಗಿನ ಹಳೆಯ ಎಲೆಗಳಲ್ಲಿ. ಹೊಸ ಎಲೆ ಹಳದಿಯಾದರೆ ಮೊದಲು ಕಬ್ಬಿಣದ ಕಡೆ ನೋಡಬೇಕು. ಆಮೇಲೆ ‘ಹೂ ಬೂಸ್ಟರ್’ ಅಂತ ರಂಜಕ ತುಂಬಿದ ಪುಡಿಯ ಪ್ಯಾಕೆಟ್ ಕೊಟ್ಟರು. ರಂಜಕ ಅತಿಯಾದರೆ ಗಿಡಕ್ಕೆ ಕಬ್ಬಿಣ ಸಿಗುವುದು ಇನ್ನೂ ಕಷ್ಟ. ಗಿಡ ಮತ್ತಷ್ಟು ಬಿಳಿಚಿಕೊಂಡಿತು. ಕಾಯಿಲೆಯೂ ಅವರದೇ, ಮದ್ದೂ ಅವರದೇ, ಬಿಲ್ ಮಾತ್ರ ನಮ್ಮದು.

ಉಳಿದ ಎರಡು ಕೇಪಳವನ್ನು ಕಿತ್ತು ದೊಡ್ಡ ಕುಂಡಕ್ಕೆ ಹಾಕಿದೆವು. ಕೀಳುವಾಗ ನೋಡಿದರೆ ಬೇರು ಹಳೆಯ ಕುಂಡದ ಆಕಾರದಲ್ಲೇ ಸುರುಳಿ ಸುತ್ತಿಕೊಂಡಿದೆ, ಹೊರಗಿನ ಮಣ್ಣಿಗೆ ಹೆಚ್ಚುಕಮ್ಮಿ ಕಾಲೇ ಇಟ್ಟಿಲ್ಲ. ಸಣ್ಣ ಕುಂಡದಲ್ಲಿ ಬಹಳ ಕಾಲ ಕೂತ ಗಿಡದ ಕತೆ ಇದು. ಬೇರುಮುದ್ದೆಯ ಪಕ್ಕಗಳನ್ನು ಮೇಲಿನಿಂದ ಕೆಳಕ್ಕೆ ಮೂರು ನಾಲ್ಕು ಕಡೆ ಚೂರಿಯಿಂದ ಗೀರಿ, ಸುತ್ತಿದ ಬೇರನ್ನು ಬಿಡಿಸಿ ನೆಟ್ಟೆವು. ಕಬ್ಬಿಣವನ್ನು ಕೀಲೇಟ್ ರೂಪದಲ್ಲಿ, ಅಂದರೆ ಮಣ್ಣಿನಲ್ಲಿ ಕರಗಿಯೇ ಉಳಿದು ಬೇರಿಗೆ ಸಿಗುವ ರೂಪದಲ್ಲಿ, ಕೊಟ್ಟೆವು. ಇದರಲ್ಲೂ ಎಚ್ಚರ ಬೇಕು. ಸುಲಭವಾಗಿ ಸಿಗುವ ಇಡಿಟಿಎ ಕೀಲೇಟ್ ಸುಣ್ಣದ ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅಲ್ಲಿಗೆ ಇಡಿಡಿಎಚ್‌ಎ ಅಂತ ಬರೆದಿರುವುದೇ ಬೇಕು. ಹೊಸ ಚಿಗುರು ಹಸಿರಾಗಿಯೇ ಬಂತು. ಮೊದಲೇ ಹಳದಿಯಾದ ಎಲೆಗಳು ಮಾತ್ರ ಪೂರ್ತಿ ಸರಿಹೋಗಲಿಲ್ಲ.

ಇದೆಲ್ಲ ಕಂಡ ಮೇಲೆ ‘ಆನ್‌ಲೈನ್‌ನಲ್ಲೇ ತರಿಸಬಾರದಿತ್ತಾ’ ಅಂತ ಕೆಲವರು ಕೇಳಿದರು. ಅಲ್ಲಿ ನೀಲಿ ಗುಲಾಬಿಯ ಬೀಜ ಮಾರುತ್ತಾರೆ! ಗುಲಾಬಿಯಲ್ಲಿ ನೀಲಿ ಬಣ್ಣ ಕೊಡುವ ಡೆಲ್ಫಿನಿಡಿನ್ ತಯಾರಾಗುವುದಿಲ್ಲ. ಜಪಾನಿನ ಸಂಟೋರಿ ಕಂಪನಿ ಬೇರೆ ಹೂವಿನ ಜೀನ್ ಸೇರಿಸಿ ಮಾಡಿದ ‘ನೀಲಿ’ ಗುಲಾಬಿಯನ್ನು 2004ರಲ್ಲಿ ಪ್ರಕಟಿಸಿತು, 2009ರಲ್ಲಿ ಮಾರಾಟಕ್ಕೆ ಬಿಟ್ಟಿತು. ಅದೂ ನೋಡಲು ತಿಳಿ ನೇರಳೆಯೇ. ಆಕಾಶನೀಲಿ ಫೋಟೋ ಕಂಡರೆ ಮುಂದಕ್ಕೆ ಹೋಗಿ.

ಕೊನೆಗೆ ನಾವು ಜೋರು ಮಾಡಿದಾಗ ದುಡ್ಡು ವಾಪಸ್ ಕೊಡಲು ಒಪ್ಪಲಿಲ್ಲ. ಸತ್ತ ಗಿಡಗಳ ಬದಲು ಕಣಗಿಲೆ ಕೊಡುತ್ತೇವೆ ಅಂದರು. ‘ಇದು ಸಾಯೋದೇ ಇಲ್ಲ, ದನ ಕೂಡ ಮುಟ್ಟಲ್ಲ.’ ಬಿಸಿಲು, ಬರ ಎಲ್ಲ ತಡೆಯುವ ಗಿಡ, ಹೂವೂ ಚೆಂದ, ಅದು ನಿಜ. ಆದರೆ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಅದರಲ್ಲಿರುವ ಓಲಿಯಾಂಡ್ರಿನ್ ನೇರವಾಗಿ ಹೃದಯಕ್ಕೆ ಪೆಟ್ಟು ಕೊಡುತ್ತದೆ, ಒಣಗಿದ ಎಲೆಯಲ್ಲೂ ವಿಷ ಹೋಗುವುದಿಲ್ಲ. ದನ ಹಸಿ ಎಲೆ ಮುಟ್ಟದಿರಬಹುದು, ಒಣ ಎಲೆ ಮೇವಿನಲ್ಲಿ ಬೆರೆತರೆ ತಿಂದು ಸಾಯುತ್ತದೆ. ಪುಟ್ಟ ಮಕ್ಕಳಿರುವ ಮನೆ ಅಂತ ಅವರಿಗೆ ಗೊತ್ತಿತ್ತು, ಆದರೂ ವಿಷದ ಬಗ್ಗೆ ಒಂದು ಮಾತು ಹೇಳಲಿಲ್ಲ. ನಾವು ಬೇಡವೆಂದೆವು. ನಿಮ್ಮ ಅಂಗಳದಲ್ಲಿ ಈಗಾಗಲೇ ಇದ್ದರೆ ಕೈಗವಸು ಹಾಕಿಕೊಂಡೇ ಸವರಿ. ಕತ್ತರಿಸಿದ ಕೊಂಬೆಗಳನ್ನು ದನಕರು, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಒಲೆಗೆ ಹಾಕಬೇಡಿ, ಕಸದ ಜೊತೆ ಸುಡಲೂ ಬೇಡಿ. ಅದರ ಹೊಗೆಯೂ ಅಪಾಯ.